ಎಡಚಿ

ಚೀಲ ಬಂದದ್ದು ಆಷಾಢದ ಒಂದು ಶುಕ್ರವಾರ,
ಪೀಟಿ ಮೇಷ್ಟ್ರ ಸ್ಕೂಟರಿನ ಹಿಂದೆ
ಬಾಳೆಗೊನೆಯ ಹಾಗೆ ಕಟ್ಟಿಸಿಕೊಂಡು.
ಒಳಗೆ ಎರಡು ಬ್ಯಾಟು, ಅಗಲವೇ ಇಲ್ಲ, ಒನಕೆಯ ತಂಗಿಯರು;
ಕೆಂಪು ದಾರದ ಬಿಳಿ ಚೆಂಡು ಏಳು,
ಗ್ಲೌಸು ಒಂಬತ್ತು.
ಒಂಬತ್ತೂ ಎಡಗೈಗೆ.

"ಹಿಡಿಯೋದು ಎಡಗೈ, ಎಸೆಯೋದು ಬಲಗೈ" ಅಂದರು ಮೇಷ್ಟ್ರು.
ತುಂಗಾ, ಹೇಮಲತಾ, ಚೆಲುವಾಂಬ ತೊಟ್ಟೇಬಿಟ್ಟರು.
ನಾನು ನಿಂತೇ ಇದ್ದೆ.
ಬರೆಯುವುದು, ಎಸೆಯುವುದು, ಗುದ್ದುವುದು
ನನಗೆಲ್ಲ ಎಡದ್ದೇ.
ಊಟಕ್ಕೆ ಕೂತಾಗ ಮಾತ್ರ ಅಜ್ಜಿ
ಆ ಕೈ ಮೇಲೆ ಕಣ್ಣಿಟ್ಟಿರುತ್ತಿತ್ತು,
ಹಾಲಿನ ಗೂಡಿನ ಹತ್ತಿರ ಸುಳಿವ ಬೆಕ್ಕಿನ ಮೇಲೆ ಇಡುವ ಹಾಗೆ.

ಗುತ್ತಲು ರಸ್ತೆಯ ಶಾಲೆ ಬಯಲು.
ಮರಳು ತುಂಬಿದ ಸಿಮೆಂಟು ಚೀಲ ಮೂರು ಮೂಲೆಗೆ,
ಮೂರನೆಯದಕ್ಕೆ ಮಾತ್ರ ಹುಣಸೆಮರದ ನೆರಳು.
ನಿಂತು ಹೊಡೆಯುವಲ್ಲಿ ಟೈರಿನ ತುಂಡು,
ಅದರ ಹೆಸರು ಮನೆ.

ಮನೆಯಿಂದ ಹೊರಟು, ಮೂರೂ ಮುಟ್ಟಿ,
ಮತ್ತೆ ಮನೆ ತುಳಿದರೆ ಒಂದು ರನ್ನು.
ಅಜ್ಜಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿತು:
"ಮನೆಗೇ ಬರೋದಾದ್ರೆ ಹೋಗಿದ್ಯಾಕವ್ವ?"
ಮಾರನೇ ದಿನ ಮೇಷ್ಟ್ರನ್ನು ಕೇಳಿದೆ.
ಅವರೂ ಸ್ವಲ್ಪ ಹೊತ್ತು ಯೋಚಿಸಿದರು.

ಮೊದಲ ವಾರ ಯಾರಿಗೂ ಬ್ಯಾಟು ಬಿಡಲು ಬರಲಿಲ್ಲ.
ಬೀದಿ ಕ್ರಿಕೆಟ್ಟಿನಲ್ಲಿ ಅಣ್ಣಂದಿರು
ಚರಂಡಿಯಿಂದ ಚೆಂಡು ಎತ್ತಲಷ್ಟೇ ಕರೆಯುತ್ತಿದ್ದ ಕೈಗಳು,
ಸಿಕ್ಕಿದ್ದನ್ನು ಎದೆಗವಚಿಕೊಂಡೇ ಓಡಿದವು.
"ಬಿಡ್ರೇ! ಬಿಟ್ ಓಡ್ರೇ!"
ಮೇಷ್ಟ್ರ ಗಂಟಲು ಕಟ್ಟಿತು, ನಾವು ಬಿಡಲಿಲ್ಲ.

ನನ್ನದು ಬೇರೆಯದೇ ಪಾಡು.
ಚೆಂಡು ಹಿಡಿದು, ಗ್ಲೌಸು ಕಳಚಿ, ಕಂಕುಳಿಗೆ ಸಿಕ್ಕಿಸಿ,
ಒಳಗಿನ ಚೆಂಡು ತಡಕಿ ತೆಗೆಯುವಷ್ಟರಲ್ಲಿ
ಓಡಿದವಳು ಮನೆ ಸೇರಿ
ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದಳು.

ಅಪ್ಪ ಆಟೋದ ಸೀಟು ಬದಲಿಸಲು ಹೋದ ಭಾನುವಾರ
ಜೊತೆಗೆ ಹೋದೆ, ಶಾಲೆಯ ಗ್ಲೌಸು ಒಂದನ್ನು ಬ್ಯಾಗಿಗೆ ತುರುಕಿ.
ಕುಶನ್ ಅಂಗಡಿಯ ಮುಖ್ತಿಯಾರಣ್ಣ ತಿರುಗಿಸಿ ಮುರುಗಿಸಿ ನೋಡಿ,
"ಕನ್ನಡೀಲಿ ಹೆಂಗ್ ಕಾಣ್ತದೋ ಹಂಗೆ ಬೇಕು, ಅಲ್ವಾ?" ಅಂದ.
ಇಷ್ಟು ದಿನದಲ್ಲಿ ನನಗೆ ಬೇಕಾದ್ದನ್ನು
ಒಂದೇ ಸಾಲಲ್ಲಿ ಹೇಳಿದವನು ಅವನೊಬ್ಬ.

ಬಿಚ್ಚಿ ಬಿಸಾಡಿದ್ದ ಹಳೇ ಸೀಟಿನ ಹಸಿರು ರೆಕ್ಸಿನ್ನು,
ಒಳಗೆ ಸ್ಪಂಜು, ಟಾರ್ಪಾಲು ಹೊಲಿಯುವ ದಾರ.
ಎಂಬತ್ತು ಕೇಳಿದ, ಅಪ್ಪ ಅರವತ್ತಕ್ಕೆ ಇಳಿಸಿದ.
ಮೂಗಿಗಿಟ್ಟರೆ ಎಷ್ಟೋ ಜನ ಕೂತು ಎದ್ದ ವಾಸನೆ:
ಬೀಡಿ, ಕೊಬ್ಬರಿ ಎಣ್ಣೆ,
ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಹೊರಟ
ಯಾವುದೋ ಕೂಸು ಕಕ್ಕಿದ ಹಾಲು.

ವಿಭಾಗ ಮಟ್ಟ, ಮೈಸೂರು.
ಎದುರಿನವರ ಬೆನ್ನಿನ ಮೇಲೆ ಅವರವರ ಹೆಸರು;
ನಮ್ಮ ಬೆನ್ನಿನ ಮೇಲೆ ಬೆವರು.
ಎತ್ತರಕ್ಕೆ ಎದ್ದ ಚೆಂಡೊಂದು
ಬೆಟ್ಟದ ಮೇಲಿಂದ ಇಳಿದ ಹಾಗೆ ಬಂದು
ಸರಿಯಾಗಿ ನನ್ನ ಹಸಿರು ಅಂಗೈಗೇ ಬಿತ್ತು,
ಬಿದ್ದು, ಕೆಸುವಿನ ಎಲೆ ಮೇಲಿನ ನೀರಾಗಿ ಜಾರಿತು.

ನನ್ನಿಂದಲೇ ಸೋತೆವೆಂದು ಅಳುವ ಹಾಗೂ ಇರಲಿಲ್ಲ:
ಹದಿನಾಲ್ಕು, ಎರಡು.

ಆ ಎರಡರಲ್ಲಿ ಒಂದು ನನ್ನದು.
ಹೊಡೆದದ್ದು ನೆನಪಿಲ್ಲ, ಸದ್ದು ನೆನಪಿದೆ,
ಹಸಿ ತೆಂಗಿನಕಾಯಿ ಕಲ್ಲಿಗೆ ಬಡಿದ ಸದ್ದು.
ಮೂರನೇ ಚೀಲ ದಾಟುವಾಗ ನೋಡಿಕೊಂಡೆ,
ಎರಡೂ ಕೈ ಖಾಲಿ.
ಬ್ಯಾಟು ಎಲ್ಲಿ ಬಿಟ್ಟೆನೋ, ಯಾವಾಗ ಬಿಟ್ಟೆನೋ.
ಮನೆ ತುಳಿದಾಗ ಮೇಷ್ಟ್ರು ಕೂಗಲಿಲ್ಲ.
ಗಂಟಲೇ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತರೆ
ಬಲಗೈ ಬಾತು ಬೋಂಡದಂತಾಗಿದೆ, ಮುದ್ದೆ ಮುರಿಯಲಾಗದು.
ಅಜ್ಜಿ ನೋಡಿತು. ಸಾರು ಬಡಿಸಿತು. ಮತ್ತೆ ನೋಡಿತು.
"ಇವತ್ತೊಂದಿನ ಆ ಕೈಲೇ ಉಣ್ಣು,
ನಾನು ನೋಡಾಕಿಲ್ಲ" ಅಂತ
ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಿತು.

ಒಂದೇ ಕಣ್ಣು.